ಆರು ಸಿಲಿಂಡರಿನ ಮಸ್ಟಾಂಗ್

ಪುಟ್ಟಲಕ್ಷ್ಮಿ ಎರಡೂ ಕೈ ಕೊಟ್ಟು ಗ್ಯಾರೇಜಿನ ಬಾಗಿಲು ಎತ್ತುತ್ತಿದ್ದಳು. ಶೆಫೀಲ್ಡಿನ ಬ್ರೂಮ್‌ಹಿಲ್ ಬಡಾವಣೆಯ ಆ ಏರುರಸ್ತೆಯಲ್ಲಿ ಗಂಡ ಡಾಕ್ಟರ್ ಇಂದುಶೇಖರನ ಶವಪೆಟ್ಟಿಗೆ ಹೊತ್ತ ಕಪ್ಪು ವಾಹನ ಆಗಲೇ ಬಂದು ನಿಂತಿತ್ತು. ಮನೆಯವರಿಗೆಂದು ಬಂದ ಉದ್ದನೆಯ ಬಾಡಿಗೆ ಕಾರನ್ನು ಅವಳು ಬೇಡವೆಂದು ಕಳಿಸಿಬಿಟ್ಟಿದ್ದಳು.

"ಅತ್ತಿಗೆ, ಹಟ ಮಾಡ್ಬೇಡಿ. ಕೀ ಕೊಡಿ, ನಾನು ಓಡಿಸ್ತೀನಿ," ಎಂದ ಗೋಪಾಲ. ಗಂಡನ ಆಸ್ಪತ್ರೆಯಲ್ಲೇ ಸರ್ಜನ್, ಹಳೇ ಸ್ನೇಹಿತ.

"ಬೇಡ ಗೋಪಾಲ್. ಇವತ್ತು ಅವರ ಹಿಂದೆ ನಾನೇ ಓಡಿಸ್ಕೊಂಡು ಹೋಗ್ಬೇಕು."

"ಸೀರಿಯಸ್ಲಿ ಅಮ್ಮ? ಪೋಸ್ಟ್ ಆಫೀಸ್ ದಾಟಿ ನೀನು ಇದನ್ನ ಓಡಿಸೇ ಇಲ್ಲ!" ಎಂದಳು ಮಗಳು ಪ್ರೇರಣಾ.

ಮಗಳ ಮಾತು ಸುಳ್ಳಲ್ಲ. ಎಂಟು ವರ್ಷದಿಂದ ಆ ನೀಲಿ ಮಸ್ಟಾಂಗ್ ಕಾರು ಮನೆಯಲ್ಲಿತ್ತು. ಎಡಗಡೆ ಸ್ಟಿಯರಿಂಗ್ ಇದ್ದ ಅಮೆರಿಕದ ಗಾಡಿ ಕಂಡರೆ ಪುಟ್ಟಲಕ್ಷ್ಮಿಗೆ ಜೀವ ಬಾಯಿಗೆ ಬರುತ್ತಿತ್ತು.

\*

೧೯೯೮ರಲ್ಲಿ ಲೀಡ್ಸಿನ ಹಳೆ ಕಾರಿನ ಅಂಗಡಿಯಲ್ಲಿ ಎರಡು ಮಸ್ಟಾಂಗುಗಳಿದ್ದವು. ಕೆಂಪು ಗಾಡಿಗೆ ದೊಡ್ಡ ವಿ-ಏಟ್ ಎಂಜಿನ್, ಕೈಯಲ್ಲಿ ಹಾಕುವ ನಾಲ್ಕು ಗೇರು. ಮೆಡಿಕಲ್ ಕಾಲೇಜಿನ ದಿನಗಳಿಂದ ಇಂದುಶೇಖರ ಕನಸಿನಲ್ಲಿ ಓಡಿಸಿದ್ದು ಅದನ್ನೇ. ನೀಲಿಯದು ಆರು ಸಿಲಿಂಡರಿನ ಸಾಧುಪ್ರಾಣಿ, ಆಟೊಮ್ಯಾಟಿಕ್. ಕೆಂಪು ಗಾಡಿಯಲ್ಲಿ ಒಂದು ಸುತ್ತು ಹೋಗಿಬಂದವನ ಮುಖ ಊರಗಲ ಅರಳಿತ್ತು. ಕೊಂಡಿದ್ದು ಮಾತ್ರ ನೀಲಿಯದನ್ನು. ಶೆಫೀಲ್ಡಿನ ಏರುಗಳಲ್ಲಿ ಕ್ಲಚ್ ಸಂಭಾಳಿಸಲಾಗದೆ ಪುಟ್ಟಲಕ್ಷ್ಮಿ ಆಟೊಮ್ಯಾಟಿಕ್‌ಗೆ ಮಾತ್ರ ಲೈಸೆನ್ಸ್ ಪಡೆದಿದ್ದಳು.

"ನನಗೋಸ್ಕರ ತ್ಯಾಗ ಗೀಗ ಏನೂ ಬೇಡ. ಆಮೇಲೆ ಜೀವನಪೂರ್ತಿ ಅನ್ನಿಸ್ಕೊಳ್ಬೇಕು," ಎಂದು ಸಿಡುಕಿದ್ದಳು.

"ತ್ಯಾಗ ಎಂಥದ್ದೇ? ರಾತ್ರಿಯ ಆನ್-ಕಾಲ್ ಡ್ಯೂಟಿ ಮುಗಿದ್ಮೇಲೆ ನೀನು ಓಡಿಸು, ನಾನು ಪಕ್ಕದಲ್ಲಿ ಗೊರಕೆ ಹೊಡೀತೀನಿ."

ಹುಲಿವೇಷದ ಎಮ್ಮೆ ಎಂದು ಗೋಪಾಲ ವರ್ಷಗಟ್ಟಲೆ ಆಡಿಕೊಂಡ. ಇಂದುಶೇಖರ ನಕ್ಕು ಸುಮ್ಮನಾದ. ಇವಳೋ ನಾಳೆ, ನಾಡಿದ್ದು ಎನ್ನುತ್ತ ಒಂದು ದಿನವೂ ಅವನಿಗೆ ಆ ಸುಖ ಕೊಡಲಿಲ್ಲ. ಈಗ ಅದೇ ಅವಳ ಕೊರಗಾಗಿತ್ತು.

\*

ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಗೋಪಾಲ ತುಟಿ ಬಿಗಿಹಿಡಿದು ಪಕ್ಕದಲ್ಲಿ ಕೂತ, ಪ್ರೇರಣಾ ಹಿಂದಿನ ಸೀಟಿನಲ್ಲಿ. ಕಡಿದಾದ ಏರಿನಲ್ಲಿ ಕೆಂಪು ದೀಪ ಬಿತ್ತು. ಹಿಂದೆ ಬಸ್ಸು. ಪುಟ್ಟಲಕ್ಷ್ಮಿ ಬ್ರೇಕನ್ನು ಬಲವಾಗಿ ತುಳಿದು ಹಿಡಿದಳು.

"ಅತ್ತಿಗೆ, ಬ್ರೇಕ್ ಬಿಡಿ. ಅದೇ ಹೋಗುತ್ತೆ."

ಹಸಿರು ಬಂತು. ಗಾಡಿ ಒಂದಿಷ್ಟೂ ಹಿಂದೆ ಜಾರದೆ ಏರು ಹತ್ತಿತು.

"ಸದ್ಯ!" ಎಂದು ಗೋಪಾಲ ಉಸಿರು ಬಿಟ್ಟ. ಆಮೇಲೆ ಮೆಲ್ಲಗೆ, "ಈ ಗಾಡೀನ ಯಾಕೆ ತಗೊಂಡ ಅಂತ ನನಗೆ ಇವತ್ತು ಗೊತ್ತಾಯ್ತು," ಎಂದು ಕಣ್ಣೊರೆಸಿಕೊಂಡ.

ದಹನ ಮುಗಿಯಿತು. ಹೊರಡುವಾಗ ಚಿತಾಗಾರದ ಗೇಟಿನಲ್ಲಿ ಅವಳು ಗಾಡಿ ನಿಲ್ಲಿಸಿದಳು.

"ಮನೆ ಎಡಕ್ಕೆ ಅತ್ತಿಗೆ. ಸೀದಾ ಹೋಗಿ ತಲೆಗೆ ಸ್ನಾನ ಮಾಡ್ಬೇಕು."

"ಮಾಡೋಣ. ಬಿಸಿನೀರು ಎಲ್ಲೂ ಓಡಿಹೋಗಲ್ಲ."

ಬಲಕ್ಕೆ ತಿರುಗಿಸಿದಳು. ಹೀದರ್ ಪೊದೆಗಳು ನೇರಳೆ ಹೂಬಿಟ್ಟ ಬೋಳುಗುಡ್ಡಗಳ ನಡುವೆ ರಸ್ತೆ ಖಾಲಿಯಿತ್ತು. ಪ್ರೇರಣಾ ಮುಂದಕ್ಕೆ ಬಾಗಿ ಅಮ್ಮನ ಹೆಗಲ ಮೇಲೆ ಗದ್ದವಿಟ್ಟಳು. ಪುಟ್ಟಲಕ್ಷ್ಮಿ ಚಪ್ಪಲಿ ಕಳಚಿ ಬರಿಗಾಲಲ್ಲಿ ಆಕ್ಸಿಲರೇಟರ್ ಒತ್ತಿದಳು.