ಬೀಜ ತೆಗೆಯದ ಲೋಟ

ಹನ್ನೆರಡನೆಯ ನಿಂಬೆಹಣ್ಣನ್ನು ಅಂಗೈಯಡಿ ಉರುಳಿಸಿ, ಎರಡು ಹೋಳು ಮಾಡಿ, ನಡುವಿನ ಬಿಳಿ ನಾರಿನ ಗುಂಟ ಚಾಕುವಿನ ಮೊನೆ ಎಳೆದಳು. ಬೀಜಗಳು ತಟ್ಟೆಗೆ ಉದುರಿದವು. ಅಡುಗೆಮನೆಯಲ್ಲಿ ಅವಳೊಬ್ಬಳೇ. ಅತ್ತೆಯನ್ನು, ಅಂದರೆ ಅಪ್ಪನ ಅಕ್ಕನನ್ನು, ಮಣ್ಣು ಮಾಡಿ ಬಂದವರು ಹಜಾರದಲ್ಲಿ ಕೂತಿದ್ದರು. ಅಪ್ಪನ ದನಿ ಗೋಡೆ ದಾಟಿ ಬರುತ್ತಿತ್ತು.

“ಅಕ್ಕನ್ನ ಅಂಗೈ ಮೇಲಿಟ್ಟು ನೋಡ್ಕೊಂಡೆ. ಏನ್ ಮಾಡೋದು, ಕಾಲು ಜಾರ್ತು.”

ಬೆಳಿಗ್ಗೆಯಿಂದ ಇದು ನಾಲ್ಕನೇ ಸಲ. ಹೇಳಿದಷ್ಟೂ ಅದು ನಿಜವಾಗುತ್ತ ಹೋಗುತ್ತಿತ್ತು. ಸಂಜೆಯೊಳಗೆ ಬಂದವರೆಲ್ಲ ಅದನ್ನೇ ಮನೆಗೆ ಒಯ್ಯುತ್ತಾರೆ.

ಕೊನೆಯ ಹಣ್ಣನ್ನು ಮಾತ್ರ ಅವಳು ಬೀಜ ಸಮೇತ ಒಂದು ಲೋಟಕ್ಕೆ ಹಿಂಡಿದಳು. ಸೌಟಿನ ಹಿಡಿಯಿಂದ ಬೀಜಗಳನ್ನು ಜಜ್ಜಿದಳು, ಕಹಿ ಬಿಡುವಷ್ಟು.

*

ಹೋದ ವರ್ಷ ಅತ್ತೆ ಮಾಡಿಕೊಟ್ಟ ಶರಬತ್ತಿನಲ್ಲಿ ಅಪ್ಪನಿಗೆ ಒಂದು ಬೀಜ ಸಿಕ್ಕಿತ್ತು. ನೆಂಟರೆದುರೇ ಅದನ್ನು ಉಗಿದು, “ಕಣ್ಣೇನು ಅಡವಿಟ್ಟು ಬಂದ್ಯಾ?” ಎಂದಿದ್ದ.

“ಪೊರೆ ಬಂದಿದೆಯಂತೆ ಕಣೋ. ಆಪರೇಷನ್ ಮಾಡ್ಸಿದ್ರೆ ಸರಿಹೋಗುತ್ತಂತೆ.”

“ಈ ವಯಸ್ಸಲ್ಲಿ ಇನ್ಯಾರನ್ನ ನೋಡ್ಬೇಕಾಗಿದೆ ನಿಂಗೆ?”

ನೆಂಟರು ನಕ್ಕಿದ್ದರು.

ಅಂದಿನಿಂದ ಅತ್ತೆ ಬೆರಳಲ್ಲೇ ತಡವಿ ಬೀಜ ಹೆಕ್ಕುತ್ತಿದ್ದಳು. ಚಾಕು ತಾಗಿದ ಗಾಯಗಳಿಗೆ ಹುಳಿ ಇಳಿದರೆ ಹಲ್ಲು ಕಚ್ಚಿಕೊಂಡೇ ನಗುತ್ತಿದ್ದಳು. “ನಿಮ್ಮಪ್ಪಂಗೆ ದೇವರು ನಾಲಿಗೆ ಮೇಲೇ ಕಣ್ಣಿಟ್ಟಿದಾನೆ ಕಣೆ. ಮುಖದಲ್ಲಿರೋದು ಬರೀ ಶೋಕಿಗೆ.”

ಮೊನ್ನೆ ಬೆಳಿಗ್ಗೆ ಹಿತ್ತಿಲಿಗೆ ಇಳಿಯುವಾಗ, ಇನ್ನೂ ಒಂದು ಮೆಟ್ಟಿಲಿದೆ ಎಂಬುದು ಅತ್ತೆಗೆ ಕಾಣಲಿಲ್ಲ.

*

ಟ್ರೇ ಹಿಡಿದು ಎಲ್ಲರಿಗೂ ಕೊಟ್ಟು, ಕಡೆಗೆ ಅಪ್ಪನಿಗೆ ಆ ಲೋಟ ಕೊಟ್ಟಳು. ಒಂದೇ ಗುಟುಕಿಗೆ ಅವನು ಮುಖ ಕಿವುಚಿದ.

“ಏನೇ ಇದು, ವಿಷ ಇದ್ದ ಹಾಗಿದೆ. ಬೀಜ ಕಾಣ್ಲಿಲ್ವಾ ನಿಂಗೆ?”

ನಾಲ್ಕು ಜನರ ಮುಂದೆ ಎಂದೂ ಬಾಯಿ ಬಿಡದವಳು. ಮನೆಯಲ್ಲಿ ಅವಳ ಹೆಸರೇ ಮೂಗಿ. ಖಾಲಿ ಟ್ರೇಯನ್ನೇ ನೋಡುತ್ತ ಹೇಳಿದಳು.

“ನಂಗೆ ಕಾಣ್ತು. ಅತ್ತೆಗೆ ಕಾಣ್ತಿರ್ಲಿಲ್ಲ. ಮೆಟ್ಟಿಲೂ ಕಾಣ್ಲಿಲ್ಲ. ಕಾಲು ಜಾರಿದ್ದಲ್ಲ ಅಪ್ಪ.”

ಎದುರುಮನೆಯ ದರ್ಜಿ ತನ್ನ ಲೋಟ ಕೆಳಗಿಟ್ಟ. “ಹೌದು. ವರ್ಷದಿಂದ ಸೂಜಿಗೆ ದಾರ ಪೋಣಿಸಿಕೊಳ್ಳೋಕೆ ನನ್ ಹತ್ರಾನೇ ಬರ್ತಿದ್ರು. ತಮ್ಮನೇ ಆಪರೇಷನ್ ಮಾಡಿಸ್ತಾನೆ ಅಂತಿದ್ರು, ಕೊನೇವರೆಗೂ.”

ಯಾರೂ ಅಪ್ಪನ ಕಡೆ ನೋಡಲಿಲ್ಲ. ಅವನು ಬಾಯಿ ಒರೆಸಿಕೊಂಡು ಅಮ್ಮನತ್ತ ತಿರುಗಿದ. ಅಮ್ಮ ತನ್ನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತ ಕೂತಿದ್ದಳು. ನೀರಿನ ಹೂಜಿ ಅವಳ ಮೊಣಕಾಲ ಪಕ್ಕದಲ್ಲೇ ಇತ್ತು.

“ಬಾಯೆಲ್ಲ ಕಹಿ. ಸ್ವಲ್ಪ ನೀರು ಕೊಡೇ.”

ಅಮ್ಮ ಹೂಜಿ ಮುಟ್ಟದೆ ತನ್ನ ಲೋಟವನ್ನೇ ಬಾಯಿಗಿಟ್ಟಳು.