ನಾಲ್ಕನೇ ಭಾಗದ ಮಾಲಿ

"ನಿಲ್ಲಿಸು, ಅಲ್ಲೇ ನಿಲ್ಲಿಸು," ಎಂದು ಅವನು ಕೂಗಿದಾಗ ರಿಮೋಟು ಅವನ ಕೈಯಲ್ಲೇ ಇತ್ತು. ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ನೀವೇ ನಿಲ್ಲಿಸ್ಬೇಕು," ಎಂದಳು.

ಟೀವಿಯಲ್ಲಿ ನಾಲ್ಕನೇ ಭಾಗದ ಮಾಲಿ ಕತ್ತು ಓರೆ ಮಾಡಿಕೊಂಡು ನಿಂತ. ಮೈತುಂಬ ದೊಗಲೆ ಕೋಟು, ಮೊಣಕಾಲು ಮುಟ್ಟುವ ಬೂಟು, ಬಿಳಿ ಮುಖವಾಡ, ಕೈಯಲ್ಲಿ ಗಿಡ ಸವರುವ ಮೊಳದುದ್ದದ ಕತ್ತರಿ. ಆರು ಭಾಗ ಬಂದುಹೋದ ಸಿನಿಮಾ ಅದು. ಪ್ರತಿ ಭಾಗದಲ್ಲೂ ಮಾಲಿ ಏಳೆಂಟು ಜನರನ್ನು ಕೊಂದು ಕೊನೆಗೆ ತಾನೂ ಸಾಯುತ್ತಾನೆ, ಮುಂದಿನ ಭಾಗದಲ್ಲಿ ಏನೂ ಆಗಿಯೇ ಇಲ್ಲವೆಂಬಂತೆ ಎದ್ದು ಬರುತ್ತಾನೆ. ಮೊದಲ ನಾಲ್ಕು ಭಾಗಗಳಲ್ಲಿ ಮುಖವಾಡದ ಹಿಂದೆ ಇದ್ದವನು ಇವನೇ ಎಂದು ಎಲ್ಲರಿಗೂ ಗೊತ್ತು. ಬೀದಿಯವರು ಇವತ್ತಿಗೂ ಅವನನ್ನು ಮಾಲಿ ಎಂದೇ ಕರೆಯುತ್ತಾರೆ. ಮನೆಯಲ್ಲಿ ಒಂದು ಕುಂಡಕ್ಕೂ ನೀರು ಹಾಕಿದ ಪುಣ್ಯಾತ್ಮನಲ್ಲ.

ಈಗ ಏಳನೆಯದು ಶುರುವಾಗುತ್ತಿತ್ತು. ಐದು, ಆರನ್ನು ಬೇರೆ ಯಾರೋ ಮಾಡಿ ಕುಲಗೆಡಿಸಿದ್ದರಿಂದ ಹೊಸ ನಿರ್ದೇಶಕಿ ಹಳಬನೇ ಬೇಕೆಂದು ಹಟ ಹಿಡಿದಿದ್ದಳು. ಐವತ್ತೆಂಟು ತುಂಬಿದ ಸ್ಟಂಟ್ ಕಲಾವಿದನನ್ನು ಇನ್ನೊಂದು ಸಲ ಯಾರು ಕರೆಯುತ್ತಾರೆ? ಇದು ಕೈತಪ್ಪಿದರೆ ಅವನು ಟೀವಿ ಮುಂದೆ ಕೂತು ತನ್ನನ್ನೇ ನೋಡಿಕೊಳ್ಳುತ್ತಾ ಮುದುಕನಾಗುವುದೇ ಸೈ. ಆದರೆ ಫೋನಿನಲ್ಲಿ ಅವಳು ಹೇಳಿದ ಮಾತು ಅವನ ನಿದ್ದೆ ಕೆಡಿಸಿತ್ತು.

"ಸರ್, ಮೂರರ ತರ ಬೇಡ. ಮೂರರಲ್ಲಿ ಮಾಲಿ ಬರ್ತಾನೆ, ಕೊಲ್ತಾನೆ, ಹೋಗ್ತಾನೆ. ನಾಲ್ಕರಲ್ಲಿ ಅವನು ಏನನ್ನೋ ಹುಡುಕ್ತಾ ಇರ್ತಾನೆ. ನನಗೆ ಆ ಮಾಲಿ ಬೇಕು. ಗುರುವಾರ ಬಂದು ಒಂದ್ಸಲ ಮಾಡಿ ತೋರಿಸಿ."

ಆ ಮಾಲಿ ಇಲ್ಲೇ ಕೂತು ಯಾರದೋ ಪ್ಯಾಂಟಿಗೆ ಜಿಪ್ ಹಾಕುತ್ತಿದ್ದಳು.

ಹದಿನಾರು ವರ್ಷದ ಹಿಂದೆ, ನಾಲ್ಕನೇ ಭಾಗದ ಎರಡನೇ ದಿನವೇ ಅವನ ಮೊಣಕಾಲು ತಿರುಚಿಕೊಂಡಿತ್ತು. ಸುದ್ದಿ ಹೊರಬಿದ್ದರೆ ಬೇರೆಯವನನ್ನು ಹಾಕಿಕೊಳ್ಳುತ್ತಿದ್ದರು. ಉಡುಪು ವಿಭಾಗದಲ್ಲಿ ಹೊಲಿಗೆ ನೋಡಿಕೊಳ್ಳುತ್ತಿದ್ದ ಹೆಂಡತಿ ಎತ್ತರದಲ್ಲಿ ಅವನಿಗಿಂತ ಎರಡು ಬೆರಳು ಕಡಿಮೆ ಅಷ್ಟೆ. ಅವನು ಉಡುಪಿನ ಕೋಣೆಯಲ್ಲಿ ಕಾಲು ಚಾಚಿ ಕೂತ, ಅವಳು ಕೋಟು ಹಾಕಿಕೊಂಡು ಹೊರಗೆ ಹೋದಳು. ಮಾಲಿ ಯಾರ ಜೊತೆಗೂ ಮಾತಾಡುತ್ತಿಲ್ಲ, ಪಾತ್ರದಲ್ಲಿ ಅಷ್ಟು ಮುಳುಗಿಬಿಟ್ಟಿದ್ದಾನೆ ಎಂದು ಜನ ಕೊಂಡಾಡಿದರು. ಗುಟ್ಟು ಗೊತ್ತಿದ್ದ ಮೂರನೆಯವನು ಆಗಿನ ನಿರ್ದೇಶಕ. ಅವನು ಈಗಿಲ್ಲ.

"ಮೂರರಲ್ಲಿ ನಾನು ಬಾಗಿಲು ಒಡ್ಕೊಂಡು ಬಂದಿದ್ದೀನಿ," ಅಂದ ಅವನು. "ಎರಡನೇ ಮಹಡಿಯಿಂದ ಹಾರಿದ್ದೀನಿ. ಮೈಗೆ ಬೆಂಕಿ ಹಚ್ಕೊಂಡಿದ್ದೀನಿ. ನಾಲ್ಕರಲ್ಲಿ ಏನಿದೆ ಹೇಳು. ಸಂತೆಗೆ ಹೋದೋರ ಹಾಗೆ ನಡೀತಾ ಇರೋದು ತಾನೆ?"

"ನಡೀದೆ ಇನ್ನೇನು ಮಾಡ್ಲಿ? ಬೂಟು ನಿಮ್ಮದು. ಓಡಿದ್ರೆ ಬೂಟು ಅಲ್ಲಿ, ನಾನು ಇಲ್ಲಿ."

"ಸರಿ, ಈ ಕತ್ತು ಓರೆ ಮಾಡ್ತೀಯಲ್ಲ, ಇದು ಯಾಕೆ?"

ಯಂತ್ರ ನಿಂತಿತು. "ಇದನ್ನ ಇವತ್ತು ಕೇಳ್ತಿದ್ದೀರಲ್ಲ," ಎಂದಳು. "ಕಾಣ್ತಿರಲಿಲ್ಲ ರೀ. ಕಣ್ಣಿನ ತೂತು ಇದ್ದದ್ದು ನಿಮ್ಮ ಮುಖದ ಅಳತೆಗೆ. ನನಗೆ ಒಂದು ಸಲಕ್ಕೆ ಒಂದೇ ಕಣ್ಣು ಕಾಣೋದು. ಸಾಯೋ ಪಾತ್ರದ ಆ ಹುಡುಗಿ ಎಲ್ಲಿ ನಿಂತಿದ್ದಾಳೋ ಅಂತ ಹುಡುಕ್ತಿದ್ದೆ. ಕತ್ತರಿ ಎಲ್ಲಾದ್ರೂ ತಗುಲಿಬಿಟ್ರೆ ಏನು ಗತಿ?"

ಅವನು ಟೀವಿ ಆರಿಸಿದ. ಆ ಓರೆಯ ಬಗ್ಗೆ ಅವನೇ ನಾಲ್ಕಾರು ಸಂದರ್ಶನಗಳಲ್ಲಿ ಮಾತಾಡಿದ್ದ. ಕೊಲೆಗಾರನ ಒಂಟಿತನ ಎಂದಿದ್ದ, ಒಮ್ಮೆಯಂತೂ ಅದಕ್ಕಾಗಿ ಗೂಬೆಗಳನ್ನು ಗಮನಿಸಿದ್ದೆ ಎಂದೂ ಬಿಟ್ಟಿದ್ದ. ಹೆಂಡತಿ ಅದನ್ನೆಲ್ಲ ಓದಿದ್ದಳು, ಒಂದು ಮಾತೂ ಆಡಿರಲಿಲ್ಲ. ಅವಳು ಆಡಿಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು ಎಂದು ಅವನಿಗೆ ಮೈಯೆಲ್ಲ ಉರಿಯಿತು.

ಗುರುವಾರದವರೆಗೆ ಅವನು ಪಡಸಾಲೆಯಲ್ಲಿ ನಡೆದದ್ದೇ ನಡೆದದ್ದು. ಬೂಟಿಗೆ ಬಟ್ಟೆ ತುರುಕಿ ನೋಡಿದ, ಒಂದು ಕಣ್ಣಿಗೆ ಹತ್ತಿ ಅಂಟಿಸಿ ನೋಡಿದ. ಗೋಡೆ ಎಲ್ಲಿದೆ, ಮಂಚ ಎಲ್ಲಿದೆ ಎಂದು ಗೊತ್ತಿರುವ ಮನುಷ್ಯ ಎಷ್ಟು ಕತ್ತು ಓರೆ ಮಾಡಿದರೂ ಉಳುಕಿದವನ ಹಾಗೆಯೇ ಕಾಣುತ್ತಿದ್ದ.

ತಾಲೀಮಿನ ಹಾಲಿನಲ್ಲಿ ಬೆಳಗಿನ ಬಿಸಿಲು ಬಿದ್ದಿತ್ತು. ನಿರ್ದೇಶಕಿ ನಾಲ್ಕನೇ ಭಾಗದ ಮುಖವಾಡವನ್ನೇ ಎಲ್ಲಿಂದಲೋ ಹುಡುಕಿ ತರಿಸಿದ್ದಳು. ಗಲ್ಲದ ಹತ್ತಿರ ಸೀಳು ಬಿಟ್ಟಿತ್ತು. ಹೊಸದನ್ನು ಮಾಡಬೇಕಾದ ಮುಖವಾಡದ ಕುಶಲಕರ್ಮಿ ಟೇಪು ಹಿಡಿದು ಮೂಲೆಯಲ್ಲಿ ಕಾಯುತ್ತಿದ್ದ. ಕೋಟನ್ನು ಸರಿಪಡಿಸಲು ಹೆಂಡತಿಯೂ ಬಂದಿದ್ದಳು.

ಅವನು ನಡೆದ. ಕತ್ತು ಓರೆ ಮಾಡಿದ. ಕತ್ತರಿ ಎತ್ತಿದ.

"ಚೆನ್ನಾಗಿದೆ ಸರ್," ಎಂದಳು ನಿರ್ದೇಶಕಿ. "ಆದರೆ ಇದು ಮೂರು. ಇನ್ನೊಂದ್ಸಲ?"

ಮತ್ತೊಮ್ಮೆ ಮಾಡಿದ. ನಾಲ್ಕನೆಯ ಸಲವೂ ಆಯಿತು. ಹಳೆಯ ಮುಖವಾಡ ಅವನ ಮುಖಕ್ಕೆ ಅಚ್ಚು ಹೊಯ್ದ ಹಾಗೆ ಕೂತಿತ್ತು, ಇಡೀ ಕೋಣೆ ಎರಡೂ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನಿರ್ದೇಶಕಿಯ ಮುಖದಲ್ಲಿ ನಿರಾಸೆಯನ್ನು ಮುಚ್ಚಿಡುವ ಮರ್ಯಾದೆ ಕೂಡ ಅಷ್ಟೇ ಸ್ಪಷ್ಟವಾಗಿ ಕಂಡಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಆ ಮರ್ಯಾದೆಯನ್ನು ಅವನಿಂದ ತಡೆಯಲಾಗಲಿಲ್ಲ.

ಮುಖವಾಡ ಕಿತ್ತು ಕುರ್ಚಿಯ ಮೇಲೆ ಎಸೆದ. "ನಾಲ್ಕರಲ್ಲಿ ನಾನಿಲ್ಲ. ಅವಳು."

ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದ ಹೆಂಡತಿ ಅವನ್ನು ಒಂದೊಂದಾಗಿ ತೆಗೆದು ಕೋಟಿನ ಅಂಚಿಗೆ ಚುಚ್ಚಿದಳು. "ಇದನ್ನ ಹೇಳೋ ಅಗತ್ಯ ಏನಿತ್ತು?" ಎಂದಳು ಮೆಲ್ಲಗೆ. ನಿರ್ದೇಶಕಿ ಒಬ್ಬರಿಂದ ಇನ್ನೊಬ್ಬರ ಕಡೆಗೆ ನೋಡಿದಳು. ಕುರ್ಚಿಯ ಮೇಲಿನ ಮುಖವಾಡವನ್ನು ಎತ್ತಿ ಹಿಡಿದು, "ಅಮ್ಮ, ಒಂದೇ ಒಂದ್ಸಲ," ಎಂದಳು.

"ಅಯ್ಯೋ, ನನ್ನ ಕೈಲಿ ಏನಾಗುತ್ತೆ, ವಯಸ್ಸಾಯ್ತು," ಎನ್ನುತ್ತಲೇ ಅವಳು ಚಪ್ಪಲಿ ಬಿಟ್ಟಳು.

ಸಾಯುವವರ ಜಾಗದಲ್ಲಿ ನಿಲ್ಲಲು ನಟರು ಯಾರೂ ಬಂದಿರಲಿಲ್ಲ. ಅವನೇ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತ. ಹಾಲಿನ ಆ ತುದಿಯಿಂದ ಮಾಲಿ ಹೊರಟಿತು. ಆತುರವಿಲ್ಲ. ಬೂಟು ನೆಲ ಬಿಡಲು ಮನಸ್ಸಿಲ್ಲದಂತೆ ಎದ್ದು ಬೀಳುತ್ತಿತ್ತು. ಅರ್ಧ ದಾರಿಯಲ್ಲಿ ತಲೆ ಎಡಕ್ಕೆ ವಾಲಿತು, ಆಮೇಲೆ ಬಲಕ್ಕೆ. ತನ್ನನ್ನೇ ಹುಡುಕುತ್ತಿದೆ ಎಂದು ಅವನಿಗೆ ಗೊತ್ತಿತ್ತು, ಯಾಕೆ ಹುಡುಕುತ್ತಿದೆ ಎಂಬುದೂ ಗೊತ್ತಿತ್ತು. ಆದರೂ ಬೆನ್ನು ಗೋಡೆಗೆ ಒತ್ತಿಕೊಂಡಿತು. ಕತ್ತರಿ ಬಂದು ಕಿವಿಯಿಂದ ಎರಡು ಬೆರಳಿನಾಚೆ ನಿಂತಿತು.

"ತಗುಲಲಿಲ್ಲ ತಾನೆ?" ಎಂದು ಮುಖವಾಡದೊಳಗಿಂದ ಹೆಂಡತಿಯ ದನಿ ಕೇಳಿತು.

"ಇಲ್ಲ," ಎಂದ.

ನಿರ್ದೇಶಕಿ ಕುಶಲಕರ್ಮಿಯತ್ತ ತಿರುಗಿ ಹೆಂಡತಿಯ ಕಡೆ ಬೆರಳು ತೋರಿಸಿದಳು. ಮೂರಕ್ಕೂ ನಾಲ್ಕಕ್ಕೂ ಇರುವ ಅಂತರ ಈಗ ಅವನ ಕಣ್ಣೆದುರೇ ಇತ್ತು. ಮೂರೇ ಮೇಲು ಎಂದು ಇಷ್ಟು ದಿನ ಟೀವಿಗೆ ಹೇಳಿದ್ದನ್ನು ಇಲ್ಲಿ ಹೇಳಲು ಅವನಿಗೆ ಮುಖವಿರಲಿಲ್ಲ.

ಕುಶಲಕರ್ಮಿ ಸ್ಟೂಲು ಎಳೆದ. "ಬನ್ನಿ ಅಮ್ಮ, ಅಳತೆ ತಗೋತೀನಿ. ಹಳೇದರಲ್ಲಿ ನಿಮಗೆ ಒಂದೇ ಕಣ್ಣು ಕಾಣ್ತಿತ್ತು ಅನ್ಸುತ್ತೆ, ಈ ಸಲ ಎರಡೂ ಕಣ್ಣು ಚೆನ್ನಾಗಿ ಕಾಣೋ ಹಾಗೆ ಮಾಡಿಕೊಡ್ತೀನಿ."

"ಬೇಡ," ಎಂದ ಅವನು.

ಮೂವರೂ ಅವನತ್ತ ತಿರುಗಿದರು. ಹೊಟ್ಟೆಕಿಚ್ಚು ಎಂದುಕೊಂಡಿರಬೇಕು. ಹೊಟ್ಟೆಕಿಚ್ಚು ಇರಲಿಲ್ಲವೆಂದೇನೂ ಅಲ್ಲ. ಅವನು ಹಳೆಯ ಮೊಣಕಾಲು ನೋವಿಗೆ ಕುಂಟುತ್ತಾ ಬಂದು, ಹೆಂಡತಿ ಕೂರಬೇಕಾಗಿದ್ದ ಸ್ಟೂಲಿನ ಮೇಲೆ ತಾನೇ ಕೂತು ಕೂದಲು ಹಿಂದಕ್ಕೆ ಒತ್ತಿಕೊಂಡ.

"ನನ್ನ ಅಳತೆಗೆ ಮಾಡಿ," ಎಂದ. "ಹಾಕ್ಕೊಳ್ಳೋದು ಅವಳು."

ಟೇಪು ಹುಬ್ಬಿನ ಮೇಲೆ ಹಾದು, ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ಬಂತು. ಅವನು ಅಲುಗಾಡದೆ ಕೂತಿದ್ದ.