ಬರಿಗೈಯ ದೀಪಾವಳಿ

ಎರಡನೇ ಮಹಾಯುದ್ಧದ ಕಾಲ. ಬಟ್ಟೆ ಸಿಗುವುದೇ ಕಷ್ಟವಾಗಿತ್ತು. ಹಿಂದಿನ ದೀಪಾವಳಿಯ ದಿನವೆಲ್ಲ ಅಕ್ಕನಿಗೊಂದು ಸೀರೆಗಾಗಿ ಶಿವಮೊಗ್ಗದ ಜವಳಿ ಅಂಗಡಿಯ ನೂಕುನುಗ್ಗಲಲ್ಲಿ ಕಳೆದು, ಅಂಗಿ ಹರಿದುಕೊಂಡು ಬಂದ ಗಂಡನನ್ನು ದುರ್ಗಮ್ಮ ಮರೆತಿರಲಿಲ್ಲ. ಹುಲಿಯಪ್ಪನಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸ. ರಜಾ ಸಿಗುವುದೇ ಅಪರೂಪ.

"ಈ ಸಲ ಆ ಗಲಾಟೆ ಬೇಡ," ಎಂದಳು ದುರ್ಗಮ್ಮ. "ಪ್ಲೇಗಲ್ಲಿ ನಿಮ್ಮವ್ವ ಸತ್ತಾಗ ನಿಮ್ಮನ್ನ ಕೂಲಿ ಮಾಡಿ ಸಾಕಿದ್ದು ನಿಮ್ಮಕ್ಕ. ವರ್ಷಾ ವರ್ಷಾ ಸೀರೆ ಕೊಟ್ಟು ಓಡಿ ಬರ್ತೀರ. ಒಂದಿನ ಕೂತು ಮಾತಾಡ್ಸಿದೀರಾ? ಹೋಳಿಗೆ ಮಾಡ್ತೀನಿ. ಹೋಗಿ ಅಕ್ಕನ ಜೊತೆ ಕೂತು ಉಣ್ಣೋಣ."

ಹುಲಿಯಪ್ಪನಿಗೂ ಅದು ಸರಿಯೆನಿಸಿತು.

ಹಬ್ಬದ ದಿನ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ, ಮನೆ ಬಾಗಿಲಲ್ಲೇ ಅಕ್ಕ ಕರಿಬಸಮ್ಮ ಕಾದು ನಿಂತಿದ್ದಳು. ಗಂಡ ಸತ್ತ ಮೇಲೆ ಮಗ ಸೊಸೆಯ ಆಸರೆಯಲ್ಲಿದ್ದವಳು. ತಮ್ಮ ಕಾಲಿಗೆ ಬಿದ್ದಾಗ ಅವಳ ಕಣ್ಣು ದುರ್ಗಮ್ಮನ ಕೈಲಿದ್ದ ಡಬ್ಬಿಯ ಮೇಲಿತ್ತು.

"ತವರಿಂದ ಏನು ಬಂತು ಅತ್ತೆ?" ಎಂದಳು ಸೊಸೆ ಪುಷ್ಪ, ತನ್ನ ತವರಿನವರು ಕಳಿಸಿದ ಹೊಸ ಸೀರೆಯ ಸೆರಗು ಸರಿಪಡಿಸಿಕೊಳ್ಳುತ್ತ.

"ನಿನ್ನ ನೋಡೋಕೆ ಅಂತಲೇ ಬಂದೆ ಅಕ್ಕ. ಸಂಜೆವರೆಗೂ ಇರ್ತೀನಿ," ಎಂದ ಹುಲಿಯಪ್ಪ.

ಕರಿಬಸಮ್ಮ ಅವನನ್ನು ಹಿತ್ತಲಿಗೆ ಕರೆದೊಯ್ದಳು. ದುರ್ಗಮ್ಮನೂ ಹಿಂದೆಯೇ ಹೋದಳು.

"ನೋಡಿದ್ರೆ ಏನು ಬಂತೋ ಹುಲಿಯಾ? ನೀನು ತರೋ ಸೀರೆ ಉಟ್ಕೊಂಡು ಇದೊಂದಿನ ಈ ಮನೇಲಿ ತಲೆ ಎತ್ತಿ ಓಡಾಡ್ತಿದ್ದೆ. ಕೇಳೋರು ಇದಾರೆ ನಂಗೆ ಅಂತ ಸೊಸೆಗೆ ಗೊತ್ತಾಗ್ತಿತ್ತು. ಇವತ್ತು ಅದನ್ನೂ ಕಳೆದೆಯಲ್ಲೋ."

ಹುಲಿಯಪ್ಪ ಸೀರೆ ಹುಡುಕಲು ಪೇಟೆಗೆ ಓಡಿದ.

"ಇದು ನಿನ್ನ ಯೋಚನೆ ಅಲ್ವಾ?" ಎಂದಳು ಕರಿಬಸಮ್ಮ.

"ನಿಮ್ಮ ಋಣ ನೆನೆಯೋಣ ಅಂತ ಅಕ್ಕ..."

"ನಿಂಗೆ ಗಂಡ ಇದಾನೆ, ಸ್ವಂತ ಒಲೆ ಇದೆ. ಬರೀ ಮಾತು ನಿಂಗೆ ಸಾಕು ಮಾರಾಯ್ತಿ."

ಗಂಡನ ಒಂದು ದಿನ ಉಳಿಸಲು ಹೋಗಿ, ಆ ಮುದುಕಿಗೆ ವರ್ಷಕ್ಕಿದ್ದ ಒಂದೇ ದಿನವನ್ನು ದುರ್ಗಮ್ಮ ಕಿತ್ತುಕೊಂಡಿದ್ದಳು.

ಹುಲಿಯಪ್ಪ ಬೆವರುತ್ತ ಬರಿಗೈಯಲ್ಲಿ ಮರಳಿದ. ಅಂಗಡಿಗಳಲ್ಲಿ ಒಂದು ತುಂಡು ಬಟ್ಟೆಯೂ ಉಳಿದಿರಲಿಲ್ಲ. ಊಟಕ್ಕೆ ಕರೆದರೆ ಕರಿಬಸಮ್ಮ ಹಸಿವಿಲ್ಲವೆಂದಳು. ಹೋಳಿಗೆ ಚೆನ್ನಾಗಿದೆಯೆಂದು ಪುಷ್ಪ ಮಾತ್ರ ಎರಡೆರಡು ಸಲ ಹೇಳಿದಳು.

ರೈಲು ಭದ್ರಾವತಿ ಮುಟ್ಟುವವರೆಗೂ ಹುಲಿಯಪ್ಪ ಹೆಂಡತಿಯ ಕಡೆ ತಿರುಗಲಿಲ್ಲ. ಇಳಿಯುವಾಗ ಒಂದೇ ಮಾತು ಹೇಳಿದ: "ಇನ್ಮೇಲೆ ಅಕ್ಕನ ಮನೆಗೆ ನಾನೊಬ್ಬನೇ ಹೋಗ್ತೀನಿ."